ನೆರಳಂಗಳದ ಹಸಿರು ಮರೆ

ಚಿತ್ರದುರ್ಗದ ಕೋಟೆ ಬುಡದ ಓಣಿಗಳಲ್ಲಿ ಹಿತ್ತಿಲೆಂದರೆ ಹತ್ತು ಹೆಜ್ಜೆಯ ಜಾಗ. ಒಂದು ಬೇವಿನ ಮರ, ಅದರಡಿ ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲಿ ಬಚ್ಚಲು, ಮೇಲೊಂದು ತಂತಿ. ಬೆಳಗಿನ ಬಿಸಿಲು ಓರೆಯಾಗಿ ಬಂದು ಕಲ್ಲು ಮುಟ್ಟುತ್ತದೆ. ಹೊತ್ತು ಏರಿದಂತೆ ಬೇವಿನ ನೆರಳು ಹರಡಿಕೊಂಡು, ಸಂಜೆಯವರೆಗೂ ಅಲ್ಲಿ ಬಿಸಿಲು ಚುಕ್ಕಿ ಚುಕ್ಕಿಯಾಗಿಯೇ ಬೀಳುತ್ತದೆ. ಈಚೆಗೆ ಪಕ್ಕದಲ್ಲಿ ಮಹಡಿ ಎದ್ದಿದೆ. ಅದರ ಕಿಟಕಿ ನೇರ ಈ ಕಲ್ಲಿನತ್ತ ತೆರೆಯುತ್ತದೆ. ಒಗೆಯಲು ಕೂತವಳು ಸೆರಗು ಸರಿಮಾಡಿಕೊಂಡು ಕಿಟಕಿಗೆ ಬೆನ್ನು ತಿರುಗಿಸುತ್ತಾಳೆ. ಕಾಂಪೌಂಡ್ ಎತ್ತರಿಸೋಣ ಎಂದು ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. ಆದರೆ ಎತ್ತರದ ಗೋಡೆ ಆಷಾಢದ ಗಾಳಿಯನ್ನೂ ತಡೆಯುತ್ತದೆ, ಬೇಸಿಗೆಯಲ್ಲಿ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಈ ಹಿತ್ತಿಲಿಗೆ ಬೇಕಾದದ್ದು ಗಿಡದ ಮರೆ.

ಬೇಲಿಯ ವಿದ್ಯೆ ಈ ಸೀಮೆಗೆ ಹೊಸದಲ್ಲ. ಕಾಡುಗೊಲ್ಲರ ಹಟ್ಟಿಗಳು ಮುಳ್ಳಿನ ಕಳ್ಳೆಯನ್ನೇ ಕೋಟೆ ಮಾಡಿಕೊಂಡು ಬಾಳಿದವು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಕ್ಯಾತೆದೇವರ ಜಾತ್ರೆಯಲ್ಲಿ ದೇವರಿಗೆ ಕಟ್ಟುವ ಗುಡಿಯೂ ಮುಳ್ಳಿನದೇ. ಬರಿಗಾಲಲ್ಲಿ ಅದನ್ನು ಹತ್ತಿ ಕಳಸ ಇಳಿಸುತ್ತಾರೆ. 1791ರಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿಗೆ ಬಂದಾಗ ಆ ಊರನ್ನೂ ದಟ್ಟ ಮುಳ್ಳುಬೇಲಿ ಸುತ್ತುವರಿದಿತ್ತು. ಅವೆಲ್ಲ ಕಾಡುಪ್ರಾಣಿ, ಕಳ್ಳರು, ದಂಡು ದಾಳಿಗಳನ್ನು ತಡೆಯಲು ಎದ್ದ ಬಯಲ ಬೇಲಿಗಳು. ಮಕ್ಕಳು ಓಡಾಡುವ, ಅರ್ಧ ನೆರಳಿನ ಅಂಗಳಕ್ಕೆ ಬೇರೆಯದೇ ಗಿಡ ಬೇಕು.

ಹಿರಿಯೂರಿನ ದಾರಿ ಹಿಡಿದರೆ ಬಿಸಿಲಿನ ಗಿಡಗಳ ಸಾಲು ಕಾಣುತ್ತದೆ. ಹೊಲದ ಬದುವಿನಲ್ಲಿ ಕತ್ತಾಳೆ, ಕಳ್ಳಿ; ಗುಡ್ಡದ ಇಳಿಜಾರಿನಲ್ಲಿ ಅಂಟಂಟು ಎಲೆಯ ಬಂದರೆ; ಮನೆಗಳ ಗೇಟಿನ ಮೇಲೆ ಕಾಗದದ ಹೂವು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಇವು ಬದುಕುವ ಬಗೆ ನೋಡಿದರೆ ಗೌರವ ಹುಟ್ಟುತ್ತದೆ. ಆದರೂ ಇವನ್ನು ತಂದು ಬೇವಿನಡಿ ನೆಟ್ಟರೆ ಮನಸ್ಸಿಗೆ ಬಂದಂತೆ ಬೆಳೆಯುವುದಿಲ್ಲ. ಬಂದರೆ, ಮದರಂಗಿ, ಕಾಗದದ ಹೂವು ಬೆಳಕಿನ ಕಡೆಗೆ ಸೊರಗಿ ಉದ್ದವಾಗುತ್ತವೆ, ಬುಡ ಬೋಳಾಗುತ್ತದೆ, ಬೋಳಾದ ಕಡೆಯಿಂದಲೇ ಎಲ್ಲ ಕಾಣುತ್ತದೆ. ಕಣಗಿಲೆಗೂ ಬಿಸಿಲೇ ಬೇಕು. ಮೇಲಾಗಿ ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಎಳೆಮಕ್ಕಳು, ಕರುಗಳಿರುವ ಮನೆಯ ಹಿತ್ತಿಲಿಗೆ ಇವೆರಡೂ ಬೇಡ.

ಹಿರಿಯೂರಿನಿಂದ ಮುಂದೆ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ. 1907ರಲ್ಲಿ ಮುಗಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಇಲ್ಲಿ ಗಿಡ ಆರಿಸುವವರು ಕೋಡಿ ಬಿದ್ದ ವರ್ಷವನ್ನು ನಂಬಿ ಆರಿಸಬಾರದು, ಬೀಳದ ವರ್ಷಗಳನ್ನು ನೆನೆದು ಆರಿಸಬೇಕು. ಕೊಡದಲ್ಲಿ ನೀರು ಹೊತ್ತು ಉಳಿಸಬೇಕಾದ ಗಿಡ ಎರಡನೇ ಬೇಸಿಗೆಗೆ ಭಾರವಾಗುತ್ತದೆ.

ಹೊಸದುರ್ಗದ ಕಡೆಯ ಹಳ್ಳಿಗಳ ಹಿತ್ತಿಲಲ್ಲಿ ನೆರಳಿನ ಮರೆಗೆ ಹಳೆಯ ಉತ್ತರವೊಂದು ನಿಂತಿದೆ: ಆಡುಸೋಗೆ. ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕ, ತೆಂಗಿನ ನೆರಳಲ್ಲಿ, ಆಳೆತ್ತರಕ್ಕೆ ಕಡುಹಸಿರಾಗಿ ಬೆಳೆದಿರುತ್ತದೆ. ಅಗಲ ಎಲೆ ಬುಡದಿಂದ ತುದಿಯವರೆಗೆ ತುಂಬಿಕೊಳ್ಳುತ್ತದೆ. ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ಮೇಯುವ ಆಡು ಇದರ ಕಹಿಗೆ ಮೂತಿ ತಿರುವಿ ಹೋಗುತ್ತದೆ. ಕಡ್ಡಿ ನೆಟ್ಟರೆ ಚಿಗುರುತ್ತದೆ, ಕಡಿದರೆ ಕವಲೊಡೆಯುತ್ತದೆ, ಕೆಮ್ಮು ಬಂದಾಗ ನಾಲ್ಕು ಎಲೆ ಕಷಾಯಕ್ಕೂ ಒದಗುತ್ತದೆ. ಬೇಲಿಯಾಚೆಯಿಂದ ದನಿ ಬರುತ್ತದೆ: ‘ಯಕ್ಕಾ, ಒಂದೆಸಳು ಕರಿಬೇವು ಐತಾ?’ ಈಚೆಯಿಂದ ಉತ್ತರ: ‘ಐತೆ ತಡಿಯವ್ವ, ಕೈ ತೊಳ್ಕಂಡು ಬತ್ತೀನಿ.’ ಮುಖ ಕಾಣುವುದಿಲ್ಲ, ಮಾತು ನಿಲ್ಲುವುದಿಲ್ಲ. ಗೋಡೆಯಿಂದ ಇದು ಆಗದು.

ಹೊಳಲ್ಕೆರೆಯಲ್ಲಿ ಗಣಪತಿಯೇ ಬಯಲಲ್ಲಿ ಕೂತಿದ್ದಾನೆ. ಮನೆಗಳು ಮಾತ್ರ ತೆಂಗು ಅಡಿಕೆಗಳ ನೆರಳು ಹೊದ್ದಿವೆ. ತೆಂಗಿನ ನೆರಳು ಬೇವಿನದರಂತೆ ಒಂದೆಡೆ ನಿಲ್ಲುವುದಿಲ್ಲ. ಗರಿ ಅಲುಗಿದಂತೆ ನೆಲದ ಮೇಲೆ ಬೆಳಕು ಸರಿದಾಡುತ್ತದೆ. ಆ ಬೆಳಕು ನಂದಿಬಟ್ಟಲಿಗೆ ಸಾಕು. ಮಿರುಗುವ ಎಲೆಯ ನಡುವೆ ಬಿಳಿ ಹೂವರಳಿಸಿ, ಆರೇಳು ಅಡಿಯ ಪೊದೆಯಾಗಿ, ನಿತ್ಯ ಪೂಜೆಗೂ ಹೂವು ಕೊಡುತ್ತದೆ. ಕತ್ತರಿಸುವಾಗ ಒಸರುವ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಂಡರಾಯಿತು. ತೆಂಗಿನ ಬೇರು ಬಹುಪಾಲು ಬುಡದಿಂದ ಎರಡು ಮೀಟರಿನೊಳಗೇ ಇರುವುದರಿಂದ ಬೇಲಿಯ ಸಾಲು ಅದರಾಚೆ ಇರಲಿ. ಕಾಮಿನಿಯೂ ಅರ್ಧ ನೆರಳಿಗೆ ಒಗ್ಗುವ, ಒತ್ತಾಗಿ ಬೆಳೆಯುವ, ಪರಿಮಳದ ಗಿಡ; ಆದರೆ ನಿಂಬೆ ಜಾತಿಗೆ ಹಸಿರುರೋಗ ಹರಡುವ ಸಣ್ಣ ಕೀಟ ಇದರ ಮೇಲೂ ನೆಲೆಸುತ್ತದೆ. ಹತ್ತಿರ ನಿಂಬೆ, ಮೋಸಂಬಿ ತೋಟವಿದ್ದರೆ ಕಾಮಿನಿಯನ್ನು ಬಿಡುವುದೇ ಸರಿ. ಮಹಡಿಯಿಂದ ಬೀಳುವ ನೋಟಕ್ಕೆ ಪೊದೆ ಸಾಲದು. ಅಲ್ಲಿಗೆ ಹತ್ತು ಹನ್ನೆರಡು ಅಡಿ ಏರುವ ಪಾರಿಜಾತ ಒಂದಿದ್ದರೆ ಸಾಕು.

ಹಾಗಾಗಿ ನರ್ಸರಿಗೆ ಹೋಗುವ ಮುಂಚೆ ಅಂಗಳವನ್ನು ನೋಡಬೇಕು. ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತಿನಲ್ಲಿ ಬಿಸಿಲು ಎಲ್ಲಿಯವರೆಗೆ ಬಂತೆಂದು ಸುಣ್ಣದ ಗೆರೆ ಹಾಕಬೇಕು. ಒಗೆಯುವ ಕಲ್ಲಿನ ಮೇಲೆ ಕೂತು, ನೋಟ ಎಲ್ಲಿಂದ ಬೀಳುತ್ತದೋ ಆ ದಿಕ್ಕಿಗೆ ಕೋಲು ನೆಟ್ಟು ಎತ್ತರ ಅಳೆಯಬೇಕು. ಅಂಗಳದ ಸುತ್ತಲೂ ಬೇಲಿ ಬೇಕಾಗುವುದೇ ಇಲ್ಲ; ಬಹಳ ಸಲ ಹತ್ತು ಹನ್ನೆರಡು ಅಡಿ ಉದ್ದದ ಮರೆ ಸಾಕೆಂದು ಆಗ ತಿಳಿಯುತ್ತದೆ. ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಆಳ ಅಗಲದ ಕಾಲುವೆ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಆಡುಸೋಗೆಗೆ ಎರಡಡಿ, ನಂದಿಬಟ್ಟಲಿಗೆ ಮೂರಡಿ ಅಂತರ ಕೊಟ್ಟು ನೆಡಬೇಕು. ಒಂದೇ ಜಾತಿಯ ಸಾಲಿಗೆ ರೋಗ ಬಂದರೆ ಮರೆಯೆಲ್ಲ ಒಮ್ಮೆಗೇ ಹೋಗುತ್ತದೆ. ಎರಡು ಮೂರು ಜಾತಿ ಬೆರೆತಿರಲಿ. ಮೊದಲ ವರ್ಷ ಮೊಣಕಾಲೆತ್ತರಕ್ಕೆ ತುದಿ ಚಿವುಟಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು; ಬುಡದಲ್ಲಿ ಕವಲು ಮೂಡುವುದು ಆಗಲೇ. ಮುಂದೆ ಸವರುವಾಗ ಬುಡ ಅಗಲ, ತಲೆ ಕಿರಿದು ಇರಲಿ. ನೆರಳಿನ ಜಾಗದಲ್ಲಿ ಕೆಳಗಿನ ಎಲೆಗೆ ಬೆಳಕು ಮುಟ್ಟುವುದು ಹಾಗೆ ಮಾತ್ರ.

ಇನ್ನೊಂದು ಮಾತು, ಗಿಡದಷ್ಟೇ ಮುಖ್ಯವಾದದ್ದು. ಬೇಲಿಯ ಒಂದು ಮೈ ನಮ್ಮದು, ಇನ್ನೊಂದು ಮೈ ನೆರೆಯವರದು. ಆಚೆ ಮೈ ಸವರಬೇಕಾದವರು, ಅದರ ಹೂವು ಬಿಡಿಸುವವರು ಅವರೇ. ಗುದ್ದಲಿ ಹಿಡಿಯುವ ಮೊದಲು ಅವರ ಮನೆಗೆ ಹೋಗಿ, ಏನು ನೆಡುತ್ತೇವೆ, ಎಷ್ಟೆತ್ತರ ಬೆಳೆಸುತ್ತೇವೆ ಎಂದು ಹೇಳಿ ಬರೋಣ. ಒಪ್ಪಿ ನೆಟ್ಟ ಬೇಲಿಗೆ ಎರಡೂ ಮನೆಯ ನೀರು ಸಿಗುತ್ತದೆ.