ಕೋಡಿ ಬೀಳದ ಕೆರೆ

ಜಿಮ್ ಗೆಟಿಸ್ ಅವರ ಮನೆಯಲ್ಲಿ ಇಂಟರ್‌ನೆಟ್ ಆಗಾಗ ಮಂಕಾಗುತ್ತಿತ್ತು. ಮನೆಯವರು ಬಂದು ದೂರುವರು. ಇವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಪರೀಕ್ಷೆಗೆ ಕೂರುವಷ್ಟರಲ್ಲಿ ಎಲ್ಲ ಸರಿಹೋಗಿರುವುದು. ವೈದ್ಯರ ಮುಂದೆ ಕೂತೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ. ಮೋಡೆಮ್ ಮೇಲೆ ಅನುಮಾನ, ವೈರಿನ ಮೇಲೆ ಅನುಮಾನ, ವೈಫೈ ಮೇಲೆ ಅನುಮಾನ. ಯಾವುದನ್ನೂ ಹಿಡಿದು ಇದೇ ಕಳ್ಳ ಎನ್ನುವಂತಿರಲಿಲ್ಲ.

ಗೆಟಿಸ್ ಸಾಮಾನ್ಯ ಬಳಕೆದಾರರಲ್ಲ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಜೊತೆ ಸೇರಿ ಎಕ್ಸ್ ವಿಂಡೋ ಸಿಸ್ಟಮ್ ಕಟ್ಟಿದವರು. ಯೂನಿಕ್ಸ್, ಲಿನಕ್ಸ್ ಯಂತ್ರಗಳ ಪರದೆಯ ಮೇಲೆ ದಶಕಗಳ ಕಾಲ ಕಿಟಕಿಗಳು ತೆರೆದುಕೊಂಡದ್ದು ಅದರಿಂದಲೇ. ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡಲು ಬಳಸುವ ಎಚ್‌ಟಿಟಿಪಿ 1.1 ನಿಯಮಾವಳಿಯನ್ನು ಬರೆದವರಲ್ಲೂ ಒಬ್ಬರು. 2010ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಅಂಥವರಿಗೂ ಸ್ವಂತ ಮನೆಯ ಇಂಟರ್‌ನೆಟ್ ಯಾಕೆ ತೆವಳುತ್ತಿದೆ ಎಂಬುದು ಬಹುಕಾಲ ತಿಳಿಯಲಿಲ್ಲ. ರೌಟರ್ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುವ ನಮ್ಮೆಲ್ಲರ ಸಂಕಟ ಅವರದೂ ಆಗಿತ್ತು. ನನಗೆ ಈ ಕತೆ ಹತ್ತಿರವಾದದ್ದು ಅದಕ್ಕಾಗಿಯೇ.

ಆ ವರ್ಷ ಅವರು ಎಕ್ಸ್ ವಿಂಡೋ ಕಾಲದ ಹಳೆಯ ಕಡತಗಳ ದೊಡ್ಡ ಮೂಟೆಯೊಂದನ್ನು ಮನೆಯಿಂದ ಎಂಐಟಿಯ ಯಂತ್ರಕ್ಕೆ ಕಳಿಸುತ್ತಿದ್ದರು. ಕಾಪಿ ಶುರುವಾದದ್ದೇ ಬ್ರೌಸರ್ ಕುಂಟತೊಡಗಿತು. ಈ ಸಲ ಅವರು ಕಾಪಿ ನಿಲ್ಲಿಸಲಿಲ್ಲ. ಅದು ನಡೆಯುತ್ತಿರುವಾಗಲೇ ಪಿಂಗ್ ಹಾಕಿದರು. ಪಿಂಗ್ ಅಂದರೆ ದೂರದ ಯಂತ್ರದತ್ತ ಒಂದು ಸಣ್ಣ ಕೂಗು. ಮಾರ್ದನಿ ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುವುದಷ್ಟೇ ಅದರ ಕೆಲಸ. ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರಬೇಕಿದ್ದ ಮಾರ್ದನಿ ಒಂದು ಸೆಕೆಂಡನ್ನೂ ದಾಟಿ ಬರುತ್ತಿತ್ತು. ನೂರು ಪಟ್ಟು ತಡ. ಕಾಪಿ ನಿಲ್ಲಿಸಿದರೆ ಮತ್ತೆ ಮಾಮೂಲು.

ಕಳ್ಳ ಮಾಯವಾಗುತ್ತಿದ್ದದ್ದು ಏಕೆಂದು ಆಗ ಅರ್ಥವಾಯಿತು. ದೂರು ಬಂದಾಗ ಗೆಟಿಸ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎದ್ದೇಳುತ್ತಿದ್ದರಲ್ಲ, ಕಾಯಿಲೆ ಇದ್ದದ್ದು ಆ ಕೆಲಸದಲ್ಲೇ.

ಆದರೆ ಒಂದು ಕಾಪಿ ಇಡೀ ಮನೆಯನ್ನು ಹೇಗೆ ಕಟ್ಟಿಹಾಕಬಲ್ಲದು? ಬೇಸಿಗೆಯಲ್ಲಿ ಕಾಮ್‌ಕಾಸ್ಟ್ ಕೇಬಲ್ ಕಂಪನಿಯ ಎಂಜಿನಿಯರ್‌ಗಳ ಜೊತೆ ಊಟಕ್ಕೆ ಕೂತಾಗ ಸುಳಿವುಗಳು ಒಟ್ಟಾಗಿ ಸಿಕ್ಕವು. ಇಂಟರ್‌ನೆಟ್ಟಿನ ಮೊದಲ ಶಿಲ್ಪಿಗಳಲ್ಲಿ ಒಬ್ಬರಾದ ಡೇವ್ ಕ್ಲಾರ್ಕ್ ತಮ್ಮ ಮನೆಯ ಡಿಎಸ್‌ಎಲ್ ಸಂಪರ್ಕದಲ್ಲಿ ಇಂಥದೇ ವಿಪರೀತ ತಡವನ್ನು ಹಿಂದೆಯೇ ಕಂಡಿದ್ದರು. ಇನ್ನೊಬ್ಬ ಜಾಲತಜ್ಞ ಡೇವ್ ರೀಡ್ 2009ರಲ್ಲಿ ಮೊಬೈಲ್ ಜಾಲವೊಂದರಲ್ಲಿ ಹಲವು ಸೆಕೆಂಡುಗಳ ತಡ ಅಳೆದಿದ್ದರು. ಬರ್ಕ್ಲಿಯ ಸಂಶೋಧಕರು ‘ನೆಟಲೈಜರ್’ ಎಂಬ ಉಪಕರಣದಿಂದ ಲಕ್ಷಕ್ಕೂ ಹೆಚ್ಚು ಸಲ ಸಂಪರ್ಕಗಳನ್ನು ಪರೀಕ್ಷಿಸಿದ್ದರು. ಮನೆಮನೆಯ ಸಂಪರ್ಕಗಳಲ್ಲಿ ಅಗತ್ಯಕ್ಕಿಂತ ಎಷ್ಟೋ ದೊಡ್ಡ ಬಫರ್‌ಗಳು ಅವರ ಲೆಕ್ಕದಲ್ಲಿ ಕಾಣುತ್ತಿದ್ದವು. ಎಲ್ಲರೂ ಆನೆಯ ಒಂದೊಂದು ಅಂಗ ಮುಟ್ಟಿ ನೋಡಿದ್ದರು.

ಬಫರ್ ಅಂದರೆ ಕೆರೆ ಎಂದುಕೊಳ್ಳಿ. ಮನೆಯೊಳಗಿಂದ ನೀರು ರಭಸವಾಗಿ ಬರುತ್ತದೆ, ಹೊರಗಿನ ತೂಬು ಸಣ್ಣದು. ನಡುವೆ ತುಸು ನೀರು ನಿಲ್ಲಲು ಜಾಗ ಬೇಕೇ ಬೇಕು. ಇಲ್ಲದಿದ್ದರೆ ಒಂದು ಜೋರು ಮಳೆಗೇ ಎಲ್ಲ ಹರಿದುಹೋಗುತ್ತದೆ. ಆದರೆ ಮೆಮೊರಿ ಅಗ್ಗವಾಗುತ್ತ ಬಂದಂತೆ ತಯಾರಕರು ಕೆರೆಯನ್ನು ದೊಡ್ಡದು ಮಾಡುತ್ತಲೇ ಹೋದರು. ಪ್ಯಾಕೆಟ್, ಅಂದರೆ ಜಾಲದಲ್ಲಿ ಸಾಗುವ ಮಾಹಿತಿಯ ಪುಟ್ಟ ಪೊಟ್ಟಣ, ಕಳೆದುಹೋಗುವುದು ಕೆಟ್ಟದ್ದು, ಕಳೆಯದಂತೆ ಹಿಡಿದಿಡುವುದು ಒಳ್ಳೆಯದು ಎಂಬುದು ಅವರ ನಂಬಿಕೆ. ನೋಡಲು ಇದು ಎಷ್ಟು ಸಹಜವೋ ಅಷ್ಟೇ ತಪ್ಪು.

ತಪ್ಪೇಕೆಂದು ತಿಳಿಯಲು 1986ಕ್ಕೆ ಹೋಗಬೇಕು. ಆ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಸಂಪರ್ಕ ಕುಸಿದುಬಿತ್ತು. ಎರಡರ ನಡುವೆ ಇದ್ದದ್ದು 400 ಗಜ ದೂರ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ದಾರಿಯಲ್ಲಿ 40 ಬಿಟ್ ಹೋಗತೊಡಗಿತು. ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಕಾರಣ ಹುಡುಕಿದರು: ದಾರಿ ತುಂಬಿದೆ ಎಂದು ಗೊತ್ತಾಗದೆ ಎಲ್ಲ ಯಂತ್ರಗಳೂ ತಳ್ಳುತ್ತಲೇ ಇದ್ದವು, ತಳ್ಳಿದ್ದನ್ನೇ ಮತ್ತೆ ತಳ್ಳುತ್ತಿದ್ದವು. ಅವರು ಸೂಚಿಸಿ 1988ರಲ್ಲಿ ಪ್ರಕಟಿಸಿದ ಪರಿಹಾರವೇ ಇಂದಿಗೂ ಜಾಲದ ಬೆನ್ನೆಲುಬು. ಕಳಿಸುವ ಯಂತ್ರ ಮೆಲ್ಲಗೆ ವೇಗ ಏರಿಸುತ್ತ ಹೋಗಲಿ. ಪ್ಯಾಕೆಟ್ ಒಂದು ಕಳೆದುಹೋದರೆ ಮುಂದೆ ದಟ್ಟಣೆಯಿದೆ ಎಂದು ತಿಳಿದು ತಗ್ಗಲಿ. ಎಂದರೆ ಕಳೆದುಹೋಗುವುದು ನಷ್ಟ ಮಾತ್ರವಲ್ಲ, ಅದು ಸುದ್ದಿ. ಕೆರೆ ಕೋಡಿ ಬಿದ್ದಾಗಲೇ ಮೇಲಿನವರಿಗೆ ನೀರು ಹೆಚ್ಚಾಯಿತು ಎಂದು ಗೊತ್ತಾಗುವುದು.

ಈಗ ಕೆರೆ ಎಷ್ಟು ದೊಡ್ಡದೆಂದರೆ ಬೇಗ ಕೋಡಿ ಬೀಳುವುದೇ ಇಲ್ಲ. ಕಳಿಸುವ ಯಂತ್ರಕ್ಕೆ ಸಕಾಲಕ್ಕೆ ಸುದ್ದಿ ಮುಟ್ಟುವುದಿಲ್ಲ. ಅದು ತುಂಬುತ್ತಲೇ ಇರುತ್ತದೆ. ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ಇರುವ ಮನೆಯಲ್ಲಿ ಮೋಡೆಮ್ಮಿನೊಳಗೆ 256 ಕಿಲೋಬೈಟ್ ಬಫರ್ ತುಂಬಿ ನಿಂತರೆ, ಹೊಸದಾಗಿ ಬಂದ ಪ್ರತಿ ಪ್ಯಾಕೆಟ್ ಎರಡು ಸೆಕೆಂಡು ಕಾಯಬೇಕು. ಫೋನಿನಲ್ಲಿ ಆಡಿದ ‘ಹಲೋ’ ಕಾಯುತ್ತದೆ, ಪುಟದ ವಿಳಾಸ ಕೇಳುವ ಪುಟ್ಟ ಪ್ರಶ್ನೆ ಕಾಯುತ್ತದೆ, ಡೌನ್‌ಲೋಡ್ ತಲುಪಿತು ಎಂಬ ರಸೀದಿಯೂ ಅದೇ ಸಾಲಿನಲ್ಲಿ ಕಾಯುತ್ತದೆ. ಅಪ್‌ಲೋಡ್ ಒಂದರಿಂದ ಡೌನ್‌ಲೋಡೂ ಸೊರಗುವುದು ಹೀಗೆ. ಇಷ್ಟಾದರೂ ಆ ಕಾಲದ ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಅದು ಅಳೆಯುತ್ತಿದ್ದದ್ದು ತೂಬಿನ ಅಗಲವನ್ನು. ಕೆರೆಯಲ್ಲಿ ನೀರು ಎಷ್ಟು ಹೊತ್ತು ಕೊಳೆಯಿತು ಎಂಬುದನ್ನು ಅಳೆಯುವವರೇ ಇರಲಿಲ್ಲ.

ಗೆಟಿಸ್ ತಾವು ಸೆರೆಹಿಡಿದ ಪ್ಯಾಕೆಟ್‌ಗಳ ದಾಖಲೆಯನ್ನು ಜೇಕಬ್ಸನ್ ಮೊದಲಾದವರಿಗೆ ಕಳಿಸಿ ತಮ್ಮ ಊಹೆ ಸರಿಯೇ ಎಂದು ಕೇಳಿದರು. ಸರಿ ಎಂಬ ಉತ್ತರ ಬಂತು. ಅಲ್ಲಿಗೆ ನಿಲ್ಲಿಸಿ ಕೇಬಲ್ ಕಂಪನಿಯ ಮೋಡೆಮ್ಮಿನ ಮೇಲೆ ಗೂಬೆ ಕೂರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಮನೆಯೊಳಕ್ಕೆ ತಿರುಗಿದರು. ನಾನು ಅವರನ್ನು ಮೆಚ್ಚುವುದು ಇಲ್ಲಿ.

ಹೊರಗಿನ ಸಂಪರ್ಕದ ವೇಗ ಹೆಚ್ಚಿಸಿಕೊಂಡರೂ ಕಾಟ ತಪ್ಪಲಿಲ್ಲ, ಜಾಗ ಬದಲಿಸಿತಷ್ಟೆ. ಲ್ಯಾಪ್‌ಟಾಪ್ ಹಿಡಿದು ವೈಫೈ ಸಿಗ್ನಲ್ ಸಣ್ಣದಾಗುವ ಕಡೆಗೆ ಹೋಗಿ ಮನೆಯದೇ ಇನ್ನೊಂದು ಯಂತ್ರಕ್ಕೆ ಕಡತ ಕಳಿಸಿದರು. ಪಿಂಗ್ ಅಲ್ಲೂ ಏರಿತು. ಈಗ ಸಣ್ಣ ತೂಬು ವೈಫೈ, ತುಂಬಿದ ಕೆರೆ ತಮ್ಮದೇ ಲ್ಯಾಪ್‌ಟಾಪ್ ಮತ್ತು ರೌಟರ್. ತಾವು ಪ್ರೀತಿಸುವ ಲಿನಕ್ಸ್ ಒಳಗೆ ಕೈಹಾಕಿ ನೋಡಿದರೆ ಸಾವಿರ ಪ್ಯಾಕೆಟ್ ಹಿಡಿಯುವ ಸಾಲು. ಒಂದೊಂದೂ 1,500 ಬೈಟ್ ಎಂದರೆ, ಸಿಗ್ನಲ್ ಕ್ಷೀಣಿಸಿ ವೇಗ 1 ಮೆಗಾಬಿಟ್‌ಗೆ ಇಳಿದಾಗ ಆ ಸಾಲು ಕರಗಲು 12 ಸೆಕೆಂಡು. ಸಾಲನ್ನು ಸೊನ್ನೆಗೆ ಇಳಿಸಿದರು. ತಡ ತಗ್ಗಿತು, ಹೋಗಲಿಲ್ಲ. ಅದರ ಕೆಳಗೆ, ವೈಫೈ ಚಿಪ್ಪನ್ನು ನಡೆಸುವ ಡ್ರೈವರ್ ತಂತ್ರಾಂಶದ್ದೇ ಒಂದು ಸಾಲು ಅಡಗಿತ್ತು. ಒಂದು ಕೆರೆ ಬತ್ತಿಸಿದರೆ ಅಡಿಯಲ್ಲಿ ಒಂದು ಬಾವಿ.

ಇದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ಕಾಯಿಲೆಗೆ ಯಾರೂ ಮದ್ದು ಹುಡುಕುವುದಿಲ್ಲ. 2010ರ ಕೊನೆಯಲ್ಲಿ ಗೆಟಿಸ್ ‘ಬಫರ್‌ಬ್ಲೋಟ್’ ಎಂಬ ಪದ ಹುಟ್ಟಿಸಿ ತಮ್ಮ ಮನೆಯ ಪ್ರಯೋಗಗಳನ್ನೆಲ್ಲ ಬರೆದು ಹೊರಗಿಟ್ಟರು. ನಮ್ಮ ಮಾತಿನಲ್ಲಿ ಬಫರ್‌ನ ಹೊಟ್ಟೆಯುಬ್ಬರ. ಹೆಸರು ಬಂದದ್ದೇ ಜನ ಬಂದರು. ಅವರಲ್ಲಿ ಡೇವ್ ತಾಟ್ ಎಂಬುವರನ್ನು ಮರೆಯಬಾರದು. 2025ರಲ್ಲಿ ತೀರಿಕೊಳ್ಳುವವರೆಗೂ ಈ ಒಂದೇ ಕಾಯಿಲೆಯ ಬೆನ್ನು ಹತ್ತಿದವರು. ಅಂಗಡಿಯಲ್ಲಿ ಸಿಗುವ ಮನೆಬಳಕೆಯ ರೌಟರ್‌ಗೆ ‘ಸೆರೊ-ಡಬ್ಲ್ಯುಆರ್‌ಟಿ’ ಎಂಬ ಪ್ರಯೋಗದ ತಂತ್ರಾಂಶ ಕಟ್ಟಿ, ಹೊಸ ವಿಚಾರಗಳನ್ನು ನಿಜವಾದ ಮನೆಗಳಲ್ಲಿ ಪರೀಕ್ಷಿಸುವಂತೆ ಮಾಡಿದರು.

ಮದ್ದು ಹಿಂದೆಯೂ ಇರಲಿಲ್ಲವೆಂದಲ್ಲ. ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ 1993ರಲ್ಲೇ ‘ರೆಡ್’ ಎಂಬ ವಿಧಾನ ಕೊಟ್ಟಿದ್ದರು: ಕೆರೆ ತುಂಬುವ ಮೊದಲೇ ಆಗೊಂದು ಈಗೊಂದು ಪ್ಯಾಕೆಟ್ ಚೆಲ್ಲಿ ಎಚ್ಚರಿಸುವುದು. ಆದರೆ ಪ್ರತಿ ಜಾಗಕ್ಕೂ ಕೈಯಿಂದ ಹದ ಮಾಡಬೇಕಿತ್ತು. ತಪ್ಪು ಹದ ಇನ್ನೂ ಅಪಾಯ ಎಂದು ಹೆಚ್ಚಿನ ಕಡೆ ಅದನ್ನು ಚಾಲೂ ಮಾಡಲೇ ಇಲ್ಲ. ಗೆಟಿಸ್ ಎತ್ತಿದ ಗದ್ದಲದ ನಂತರ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ ಪ್ರಶ್ನೆಯನ್ನೇ ಬದಲಿಸಿದರು. ಕೆರೆಯಲ್ಲಿ ಎಷ್ಟು ನೀರಿದೆ ಎಂದು ಕೇಳುವುದು ಬಿಟ್ಟು, ಈಗ ತೂಬಿನಿಂದ ಹೊರಬಿದ್ದ ಹನಿ ಒಳಗೆ ಎಷ್ಟು ಹೊತ್ತು ಕಾಯಿತು ಎಂದು ಕೇಳಿದರು. ಪ್ರತಿ ಪ್ಯಾಕೆಟ್ ಒಳಬರುವಾಗ ಗಂಟೆಯ ಮುದ್ರೆ, ಹೊರಹೋಗುವಾಗ ಲೆಕ್ಕ. 100 ಮಿಲಿಸೆಕೆಂಡಿನ ಅವಧಿಯಲ್ಲಿ ಅತಿ ಕಡಿಮೆ ಕಾದ ಪ್ಯಾಕೆಟ್ಟೂ 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾದಿದ್ದರೆ, ಅದು ಮಳೆ ಬಂದು ಹೋಗುವ ನೀರಲ್ಲ, ನಿಂತ ನೀರು. ಆಗ ಚೆಲ್ಲಲು ಶುರು. ದಾರಿಯ ವೇಗ ಏನೇ ಇರಲಿ, ಹದ ಮಾಡುವ ತಿರುಪು ಬೇಕಿಲ್ಲ. 2012ರ ಮೇ ತಿಂಗಳಲ್ಲಿ ಪ್ರಕಟವಾದ ಈ ವಿಧಾನಕ್ಕೆ ‘ಕೋಡೆಲ್’ ಎಂದು ಹೆಸರು. ಎರಿಕ್ ಡುಮಾಜೆ ಅದನ್ನು ಲಿನಕ್ಸ್‌ಗೆ ಇಳಿಸಿ, ಒಂದೊಂದು ಸಂಭಾಷಣೆಗೂ ಬೇರೆ ಬೇರೆ ಸಾಲು ಕೊಡುವ ‘ಎಫ್‌ಕ್ಯೂ-ಕೋಡೆಲ್’ ಮಾಡಿದರು. ಜುಲೈನ ಲಿನಕ್ಸ್ 3.5ರಲ್ಲಿ ಅವು ಸೇರಿದ್ದವು. ದೊಡ್ಡ ಕಡತದ ಸಾಲು ಬೇರೆ, ಪುಟ್ಟ ‘ಹಲೋ’ದ ಸಾಲು ಬೇರೆ. ಹಾಲಿನ ಚೊಂಬು ಹಿಡಿದ ಮಗು ಲಾರಿಯ ಹಿಂದೆ ನಿಲ್ಲಬೇಕಿಲ್ಲ.

ತಂತಿಯ ಸಂಪರ್ಕಕ್ಕೆ ಇಷ್ಟು ಸಾಕಾಯಿತು. ವೈಫೈ ಮಾತ್ರ ಬಗ್ಗಲಿಲ್ಲ. ಕೋಡೆಲ್ ಕಾವಲು ಕೂತದ್ದು ಮೇಲಿನ ಸಾಲಿಗೆ. ವೈಫೈ ಡ್ರೈವರ್ ಮತ್ತು ಚಿಪ್ಪಿನೊಳಗೆ ತಮ್ಮವೇ ದೊಡ್ಡ ಸಾಲುಗಳಿದ್ದವು. ಜೊತೆಗೆ ಅಲ್ಲಿ ಇನ್ನೊಂದು ಹಳೆಯ ರೋಗ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲೇ ಅದನ್ನು ತೋರಿಸಿದ್ದರು. ಎಲ್ಲ ಯಂತ್ರಗಳೂ 11 ಮೆಗಾಬಿಟ್ ವೇಗದಲ್ಲಿರುವಾಗ, ದೂರದ ಕೋಣೆಯಲ್ಲಿ ಒಂದೇ ಒಂದು 1 ಮೆಗಾಬಿಟ್‌ಗೆ ಇಳಿದರೆ ಸಾಕು, ಎಲ್ಲರ ಪಾಲೂ ಅದರ ಮಟ್ಟಕ್ಕೆ ಕುಸಿಯುತ್ತದೆ. ವೈಫೈ ಸರದಿಯನ್ನು ಸಮವಾಗಿ ಹಂಚುತ್ತದೆ, ಹೊತ್ತನ್ನಲ್ಲ. ಅದೇ 1,500 ಬೈಟ್ ಹೇಳಲು ಹತ್ತಿರದ ಯಂತ್ರಕ್ಕೆ ಒಂದು ಮಿಲಿಸೆಕೆಂಡು ಸಾಕು, ದೂರದ್ದಕ್ಕೆ 12 ಬೇಕು. ಅದು ಮುಗಿಸುವವರೆಗೆ ಉಳಿದವರು ಬಾಯಿ ಮುಚ್ಚಿ ಕೂರಬೇಕು. ಮೂಲೆಕೋಣೆಯ ಹಳೆಯ ಫೋನೊಂದು ರೌಟರ್ ಪಕ್ಕದಲ್ಲೇ ಕೂತವರ ಸಿನಿಮಾ ನಿಲ್ಲಿಸುವುದು ಈ ನ್ಯಾಯದಿಂದ.

ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಟೋಕೆ ಹೋಯ್ಲಂಡ್-ಯೋರ್ಗೆನ್ಸನ್, ತಾಟ್ ಮತ್ತಿತರರು ಎರಡೂ ರೋಗಗಳನ್ನು ಒಟ್ಟಿಗೆ ಹಿಡಿದರು. ಸಾಲುಗಳನ್ನು ವೈಫೈ ಪದರದೊಳಕ್ಕೇ ತಂದು ಕೋಡೆಲ್ ಕೂರಿಸಿದರು. ಒಂದೊಂದು ಯಂತ್ರವೂ ಗಾಳಿಯಲ್ಲಿ ಎಷ್ಟು ಹೊತ್ತು ಮಾತಾಡಿತು ಎಂದು ಲೆಕ್ಕವಿಟ್ಟು ಹೊತ್ತನ್ನೇ ಸಮವಾಗಿ ಹಂಚಿದರು. 2017ರಲ್ಲಿ ಪ್ರಕಟವಾದ ಅವರ ಅಳತೆಗಳಲ್ಲಿ ಭಾರ ಬಿದ್ದಾಗಿನ ತಡ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಆ ಕೆಲಸ ಲಿನಕ್ಸ್‌ಗೆ ಸೇರಿತು, ಅಲ್ಲಿಂದ ಓಪನ್‌ಡಬ್ಲ್ಯುಆರ್‌ಟಿಯಂಥ ರೌಟರ್ ತಂತ್ರಾಂಶಗಳಿಗೆ ಬಂತು.

ಎಲ್ಲ ರೌಟರ್‌ಗಳಿಗೂ ಬಂದಿಲ್ಲ. ನಿಮ್ಮ ರೌಟರಿನಲ್ಲಿ ‘ಎಸ್‌ಕ್ಯೂಎಂ’ ಎಂಬ ಆಯ್ಕೆಯಿದ್ದರೆ, ಅದರಲ್ಲಿ ನಿಮ್ಮ ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆ ಅಂಕಿ ಕೊಡಬೇಕು. ಬೇಕೆಂದೇ ವೇಗ ಬಿಟ್ಟುಕೊಡುವುದು ವಿಚಿತ್ರ ಎನಿಸಬಹುದು. ಹಾಗೆ ಮಾಡಿದಾಗ ಸಾಲು ಮೋಡೆಮ್ಮಿನ ಕುರುಡು ಕೆರೆಯಲ್ಲಿ ನಿಲ್ಲದೆ ನಿಮ್ಮ ರೌಟರಿನಲ್ಲೇ ನಿಲ್ಲುತ್ತದೆ, ಅಲ್ಲಿ ಕಾವಲಿದೆ. ಅದಕ್ಕೂ ಮೊದಲು ಕಾಯಿಲೆ ಇದೆಯೇ ಎಂದು ನೋಡಿಕೊಳ್ಳಿ. ಲ್ಯಾಪ್‌ಟಾಪನ್ನು ಮೊದಲು ಕೇಬಲ್ಲಿನಲ್ಲಿ, ಆಮೇಲೆ ವೈಫೈನಲ್ಲಿ, ಕೊನೆಗೆ ಮೂಲೆಕೋಣೆಯಲ್ಲಿ ಇಟ್ಟು ಒಂದೊಂದು ಕಡೆಯೂ ಪಿಂಗ್ ಹಾಕಿ. ಸುಮ್ಮನಿದ್ದಾಗಿನ ಅಂಕಿ ಬರೆದುಕೊಳ್ಳಿ. ಬಳಿಕ ದೊಡ್ಡದೊಂದು ವಿಡಿಯೊ ಅಪ್‌ಲೋಡ್‌ಗೆ ಹಾಕಿ ಅಂಕಿ ಹೇಗೆ ಏರುತ್ತದೆ ನೋಡಿ. ಕೇಬಲ್ಲಿನಲ್ಲೇ ಏರಿದರೆ ಕೆರೆ ಮೋಡೆಮ್ಮಿನಲ್ಲಿದೆ. ವೈಫೈಗೆ ಬಂದಾಗ ಮಾತ್ರ ಏರಿದರೆ ಮನೆಯೊಳಗೆ. ಯಾರಾದರೂ ಬಂದು ಇಂಟರ್‌ನೆಟ್ ನಿಧಾನವಾಗಿದೆ ಎಂದು ದೂರಿದರೂ ಆ ಅಪ್‌ಲೋಡನ್ನು ಮಾತ್ರ ನಿಲ್ಲಿಸಬೇಡಿ.