ಆಲಿಕಲ್ಲು ಮಳೆ ತಿರುಗಿಸಿದ ದಾರಿ

1950ರ ದಶಕದ ಮಾತು. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಒಬ್ಬ ತರುಣ ಗೋಧಿಯ ತಳಿಗಳ ಮೇಲೆ ಪ್ರಯೋಗ ನಡೆಸಿದ್ದರು. ಆಲಿಕಲ್ಲು ಮಳೆ ಸುರಿದು ಪೈರೆಲ್ಲ ನೆಲಕಚ್ಚಿತು. ಗೋಧಿಯ ಪ್ರಯೋಗ ಒಮ್ಮೆ ಕೆಟ್ಟರೆ ಮುಂದಿನ ಹಂಗಾಮಿನ ತನಕ ಕಾಯಬೇಕು. ಒಬೈದ್ ಸಿದ್ದಿಕಿ ಕಾಯಲಿಲ್ಲ. ಗೋಧಿಯನ್ನೇ ಬಿಟ್ಟರು.

ಸಿದ್ದಿಕಿ ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಓದಿದ್ದು ಅಲಿಗಢದಲ್ಲಿ. ಗೋಧಿ ಬಿಟ್ಟವರು ಹಿಡಿದದ್ದು ಬೂಷ್ಟನ್ನು! ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗೈಡೊ ಪಾಂಟೆಕೊರ್ವೊ ಅವರ ಕೈಕೆಳಗೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಅಧ್ಯಯನಕ್ಕೆ ತೊಡಗಿದರು. ಹೊಲದಲ್ಲಿ ತಿಂಗಳುಗಟ್ಟಲೆ ಹಿಡಿಯುವ ಪೀಳಿಗೆ ಇಲ್ಲಿ ಗಾಜಿನ ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಲಕ್ಷಗಟ್ಟಲೆ ಬೀಜಕಗಳಲ್ಲಿ ಅಪರೂಪದ ಒಂದನ್ನು ಹೆಕ್ಕಿ ತೆಗೆಯಬಹುದು. ಆಲಿಕಲ್ಲಿನ ಭಯವಂತೂ ಇಲ್ಲ.

1961ರಲ್ಲಿ ಡಾಕ್ಟರೇಟ್ ಪಡೆದು ಅಮೆರಿಕೆಗೆ ಹೋದ ಸಿದ್ದಿಕಿ, ಅಲ್ಲಿ ಅಲನ್ ಗ್ಯಾರನ್ ಜೊತೆ ಬ್ಯಾಕ್ಟೀರಿಯಾಗಳತ್ತ ತಿರುಗಿದರು. ಪ್ರೋಟೀನಿನ ತಯಾರಿಕೆಯನ್ನು ನಡುವೆಯೇ ನಿಲ್ಲಿಸಿಬಿಡುವ ಜೀನ್ ದೋಷಗಳಿವೆ. ಬೇರೆಡೆಯ ಇನ್ನೊಂದು ಜೀನಿನಲ್ಲಾಗುವ ಬದಲಾವಣೆ ಅಂಥ ದೋಷವನ್ನು ಅಡಗಿಸಬಲ್ಲದೆಂದು ಇಬ್ಬರೂ 1962ರಲ್ಲಿ ತೋರಿಸಿದರು.

ಅದೇ ವರ್ಷ ಹೋಮಿ ಭಾಭಾ ಅವರ ಕರೆ ಬಂತು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೆಂದರೆ ಭೌತವಿಜ್ಞಾನ, ಗಣಿತಗಳ ನೆಲೆ. ಅಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟುವ ಹೊಣೆಯನ್ನು ಮೂವತ್ತರ ಹರೆಯದವರಿಗೆ ಒಪ್ಪಿಸಿದ ಭಾಭಾರ ಧೈರ್ಯವೂ ಸಣ್ಣದಲ್ಲ.

ಬ್ಯಾಕ್ಟೀರಿಯಾಗಳಲ್ಲಿ ಹೆಸರು ಮಾಡಿದ ಮೇಲೆ ಸಿದ್ದಿಕಿ ಮತ್ತೆ ದಾರಿ ಬದಲಿಸಿದರು. ಈ ಸಲ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ, ಡ್ರೊಸೊಫಿಲ. ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರ್ (ಇವರೂ ಭೌತವಿಜ್ಞಾನದಿಂದ ವಲಸೆ ಬಂದವರೇ) ಜೊತೆಗೂಡಿ ಅವರು ಪರೀಕ್ಷಿಸಿದ್ದು ವಿಚಿತ್ರ ನೊಣಗಳನ್ನು. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಖವಾಗಿ ಓಡಾಡುವ ಒಂದು ಬಗೆಯ ನೊಣ, 29 ಡಿಗ್ರಿಗೆ ಕಾಯಿಸಿದರೆ ಪಾರ್ಶ್ವವಾಯು ಬಡಿದಂತೆ ಬೀಳುತ್ತದೆ. ತಣಿಸಿದರೆ ಎದ್ದು ನಡೆಯುತ್ತದೆ. ಇಂಥ ನೊಣಗಳಲ್ಲಿ ಬಿಸಿ ಏರಿದಾಗ ನರಗಳ ಕೆಲಸ ಎಲ್ಲಿ ತಪ್ಪುತ್ತದೆ ಎಂಬುದನ್ನು ಇಬ್ಬರೂ 1976ರಲ್ಲಿ ಪ್ರಕಟಿಸಿದರು. ನರದಲ್ಲಿ ಸಂದೇಶ ಹರಿಯಲು ಬೇಕಾದ ಸೋಡಿಯಂ ದ್ವಾರವನ್ನು ರೂಪಿಸುವ ಜೀನ್ ಮುಂದೆ ಸಿಕ್ಕಿದ್ದು ಈ ಬಗೆಯ ನೊಣದಿಂದಲೇ.

ಆಮೇಲೆ ವಾಸನೆಯ ಸರದಿ. ಶಿಷ್ಯೆ ವೆರೋನಿಕಾ ರಾಡ್ರಿಗಸ್ ಜೊತೆ, ವಾಸನೆ ತಿಳಿಯದ ನೊಣಗಳನ್ನು ಆರಿಸಿ ಅವುಗಳ ಜೀನ್‌ಗಳನ್ನು ಹುಡುಕಿದರು.

1990ರ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮೈದಾಳಿತು. ಅದು ನೆಲೆಗೊಂಡದ್ದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಹೊಲಗಳ ನೆರೆಯಲ್ಲೇ! ನಿವೃತ್ತಿಯಾದರೂ ಪ್ರಯೋಗಾಲಯ ಬಿಡದ ಸಿದ್ದಿಕಿ, ನೊಣದ ವಾಸನೆಯ ನೆನಪು ಉಳಿಯುವ ಬಗೆಯನ್ನು ಹುಡುಕುತ್ತಲೇ ಇದ್ದರು. 2013ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಗಾಯಗೊಂಡು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 81.