ಎಣ್ಣೆ ಹೊಡೆಯುವ ಮುನ್ನ ಒಂದು ಸ್ಪಷ್ಟ ಚಿತ್ರ



ತೋಟದಲ್ಲಿ ಗುರುತು ಸಿಗದ ಹುಳು ಕಂಡರೆ ಅದರ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ರೂಢಿ ಈಗ ನಮ್ಮಲ್ಲಿ ಬೆಳೆದಿದೆ. ಆದರೆ ಮಸುಕಾದ ಚಿತ್ರವನ್ನು ನೋಡಿ ಯಾವ ತಜ್ಞರೂ ಏನೂ ಹೇಳಲಾರರು. ಈ ಪಾಠವನ್ನು ನಾನು ಕಲಿತದ್ದು ನಮ್ಮ ತೋಟದಲ್ಲಲ್ಲ, ಬೀದರ್ ಜಿಲ್ಲೆಯ ಬಯಲಿನಲ್ಲಿ.

ಭಾಲ್ಕಿಯ ಬಳಿ ನೆಂಟರ ಹೊಲದಲ್ಲಿ ತೊಗರಿ ಹೂ ಬಿಟ್ಟಿತ್ತು. ಒಂದು ಗೊಂಚಲು ನೂಲಿನಿಂದ ಹೆಣೆದುಕೊಂಡಿದ್ದು, ಅದರ ಮೇಲೆ ಹಸಿರು ಬಣ್ಣದ ಸಣ್ಣ ಜೀವಿಯೊಂದು ಕುಳಿತಿತ್ತು. ತೊಗರಿಯ ಹೂ ಮೊಗ್ಗುಗಳನ್ನು ನೂಲಿನಿಂದ ಹೆಣೆದು ಒಳಗೆ ಕುಳಿತು ತಿನ್ನುವ ಕೀಡೆಯೂ ಉಂಟು. “ಕಾಕಾ, ಎಣ್ಣಿ ಹೊಡೀಬೇಕೇನ್ರಿ?” ಎಂದು ನೆಂಟರ ಮಗ ಕೇಳಿದ. ಹತ್ತು ಚಿತ್ರ ತೆಗೆದೆ. ಗಾಳಿಗೆ ಹತ್ತೂ ಕಲಸಿಹೋದವು. ಸಂಜೆ ಎಣ್ಣೆ ಹೊಡೆದದ್ದಾಯಿತು. ಮರುದಿನ ಗೊಂಚಲು ಬಿಡಿಸಿದರೆ ಒಳಗೆ ಕೀಡೆಯಿಲ್ಲ, ಅದರ ಹಿಕ್ಕೆಯೂ ಇಲ್ಲ; ಇದ್ದದ್ದು ಸತ್ತ ತಾಯಿ ಜೇಡ ಮತ್ತು ಅದು ಕಾಯುತ್ತಿದ್ದ ಮೊಟ್ಟೆಯ ಚೀಲ. ಕಾಯಿಕೊರಕದ ಎಳೆ ಮರಿಗಳನ್ನು ಹಿಡಿದು ತಿನ್ನುವ ಜೇಡದ ಜಾತಿ ಅದು. ಮೊದಲೇ ಬಿಡಿಸಿ ನೋಡದಿದ್ದುದು ನಮ್ಮ ತಪ್ಪು. ಚಿತ್ರ ಸ್ಪಷ್ಟವಾಗಿದ್ದರೂ ಆ ತಪ್ಪು ಆಗುತ್ತಿರಲಿಲ್ಲ.

ಚಿತ್ರ ಕೆಡುವುದೇಕೆ? ಹತ್ತಿರ ಹೋದಷ್ಟೂ ಜೇಡ ದೊಡ್ಡದಾಗಿ ಕಾಣುವಂತೆ ಕೈಯ ನಡುಕವೂ ದೊಡ್ಡದಾಗುತ್ತದೆ. ಮ್ಯಾಕ್ರೋ ಲೆನ್ಸಿನಲ್ಲಿ ಜೇಡವನ್ನು ನಿಜಗಾತ್ರದಲ್ಲಿ ಮೂಡಿಸುವಾಗ, ಎಫ್ 11 ಇಟ್ಟರೂ ಸ್ಪಷ್ಟವಾಗಿರುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಅಷ್ಟು ಹಿಂದೆ ಮುಂದೆ ಸರಿದರೆ ಕಣ್ಣು ಮಸುಕಾಗುತ್ತದೆ. ಜೇಡದ ಗುಂಪನ್ನು ಗುರುತಿಸಲು ಕಣ್ಣುಗಳ ಜೋಡಣೆಯೇ ಮುಖ್ಯ ಆಧಾರವೆಂಬುದನ್ನು ಮರೆಯಬಾರದು.

ಆಮೇಲೆ ಮೂರು ಕಡೆ ಅಭ್ಯಾಸ ಮಾಡಿದೆ.

ಮೊದಲನೆಯದು ಬೀದರ್ ನಗರದಲ್ಲಿ, ಮನೆಯ ಗೋಡೆಯ ಮೇಲಿನ ಜಿಗಿಯುವ ಜೇಡ. ಗೋಡೆ ಅಲುಗುವುದಿಲ್ಲ, ಅಲುಗುವುದು ನಾವು ಮಾತ್ರ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಭುಜವನ್ನು ಗೋಡೆಗೆ ಆನಿಸಿ, ಉಸಿರು ಬಿಟ್ಟು ನಿಂತು ಒತ್ತಬೇಕು. ಫೋಕಸ್ ತಿರುಗಿಸುತ್ತಾ ಕೂರದೆ ಅದನ್ನು ಒಂದೆಡೆ ನಿಲ್ಲಿಸಿ, ಮೈಯನ್ನೇ ನಿಧಾನವಾಗಿ ಮುಂದಕ್ಕೆ ಬಾಗಿಸಿ, ಎರಡು ದೊಡ್ಡ ಮುಂಗಣ್ಣುಗಳು ಸ್ಪಷ್ಟವಾದ ಗಳಿಗೆಯಲ್ಲಿ ಸಾಲಾಗಿ ಐದಾರು ಚಿತ್ರ ತೆಗೆಯಬೇಕು.

ಎರಡನೆಯದು ಮತ್ತೆ ಭಾಲ್ಕಿಯ ತೊಗರಿ. ಇಲ್ಲಿ ಗಿಡವೂ ಅಲುಗುತ್ತದೆ. ಟ್ರೈಪಾಡ್ ಇಟ್ಟರೆ ಕ್ಯಾಮೆರಾ ನಿಲ್ಲುತ್ತದೆ, ಗಿಡ ನಿಲ್ಲುವುದಿಲ್ಲ. ಆದ್ದರಿಂದ ಎಡಗೈಯ ಎರಡು ಬೆರಳುಗಳಿಂದ ರೆಂಬೆಯನ್ನು ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರಬೇಕು. ಆಗ ಅಲುಗಿದರೆ ಜೇಡವೂ ಕ್ಯಾಮೆರಾವೂ ಒಟ್ಟಿಗೆ ಅಲುಗುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಕ್ಲಿಪ್ ಲೆನ್ಸ್ ಹಾಕಿದ ಮೊಬೈಲಿಗೂ ಇದೇ ಉಪಾಯ. ಫ್ಲಾಶ್ ಇದ್ದರೆ ಅದರ ಮುಂದೆ ಬಿಳಿಯ ತೆಳು ಕಾಗದ ಕಟ್ಟಿರಿ. ಮಿಂಚಿನ ಕ್ಷಣ ತೀರ ಚಿಕ್ಕದಾದುದರಿಂದ ನಡುಕ ಚಿತ್ರದಲ್ಲಿ ಮೂಡುವುದಿಲ್ಲ.

ಮೂರನೆಯದು ಔರಾದ್ ಕಡೆಯ ಹೊಲದಲ್ಲಿ, ನೆಲದ ಮೇಲೆ ಓಡಾಡುವ, ಮರಿಗಳನ್ನು ಬೆನ್ನ ಮೇಲೆ ಹೊತ್ತ ತೋಳ ಜೇಡ. ಇದಕ್ಕೆ ಬಟ್ಟೆಯ ಚೀಲದಲ್ಲಿ ಒಂದೆರಡು ಸೇರು ಕಾಳು ತುಂಬಿ, ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ಸಾಕು. ಗುಂಡಿ ಒತ್ತುವಾಗಿನ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್ ಬಳಸಬಹುದು. ಬಿಸಿಲೇರುವ ಮೊದಲು, ಗಾಳಿ ಏಳುವ ಮೊದಲು ಹೋದರೆ ಜೇಡವೂ ಮಂದವಾಗಿರುತ್ತದೆ.

ಇದು ನಮ್ಮ ತೋಟಗಳಿಗೂ ಸಲ್ಲುವ ಮಾತು. ಕಾಫಿ ಎಲೆಯ ಕೆಂಪು ನುಸಿಗೂ, ಅಡಿಕೆ ಸೋಗೆಯ ನುಸಿಗೂ ಜೇಡದಂತೆ ಎಂಟು ಕಾಲುಗಳಿವೆ. ಆದರೆ ನುಸಿಯ ಮೈ ಒಂದೇ ಚೀಲದಂತಿದ್ದು ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ. ಜೇಡದ ಮೈಯಲ್ಲಿ ಎರಡು ಭಾಗಗಳು, ನಡುವೆ ಸಣ್ಣ ಸೊಂಟ. ಒಂದು ಬೆಳೆಗೆ ಶತ್ರು, ಇನ್ನೊಂದು ಕೂಲಿ ಕೇಳದ ಕಾವಲುಗಾರ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಗಾಗಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಚಿತ್ರ ಕಳುಹಿಸುವಾಗ ಮುಖ, ಬೆನ್ನು ಮತ್ತು ಕುಳಿತ ಎಲೆ, ಹೀಗೆ ಮೂರು ಚಿತ್ರ ಕಳುಹಿಸಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇರಲಿ. ಉತ್ತರ ಬರುವವರೆಗೆ ಪಂಪು ಮೂಲೆಯಲ್ಲೇ ಇರಲಿ.